ನಲವತ್ತೊಂದನೇ ಟಿಕೆಟ್ಟಿನ ಹಿಂಬದಿ

ಅಕ್ಕ ಚುನಾವಣೆಗೆ ನಿಲ್ಲುತ್ತೇನೆ ಎಂದು ಹೇಳಿದಾಗ ನಾನು ಗಿರಾಕಿಯೊಬ್ಬರ ಪ್ಯಾಂಟಿನ ಕಾಲು ಮಡಚಿ ಗುಂಡುಸೂಜಿ ಚುಚ್ಚುತ್ತಿದ್ದೆ. ಬಾಯಲ್ಲಿ ನಾಲ್ಕು ಸೂಜಿ ಕಚ್ಚಿಕೊಂಡಿದ್ದೆ. ಇಲ್ಲದಿದ್ದರೆ ಅಲ್ಲೇ ನಾಲ್ಕು ಮಾತು ಅಂದುಬಿಡುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಮಾರುಕಟ್ಟೆಗೆಲ್ಲ ಗೊತ್ತಿರುವ ವಿಷಯ. ಸೂಜಿ ಚುಚ್ಚಿ ಮುಗಿಸಿ, ಗಿರಾಕಿಯನ್ನು ಕಳಿಸಿ, ಆಮೇಲೆ ಅವಳಿಗೆ ತಲೆ ಕೆಟ್ಟಿದೆಯಾ ಎಂದು ಕೇಳಿದೆ. ಅಕ್ಕ ತನ್ನ ಕೋಟು ಯಾವಾಗ ಕೊಡುತ್ತೀ ಎಂದು ಕೇಳಿದಳು. ಮುಂದಿನ ವಾರ ಎಂದೆ. ಮೂರು ವರ್ಷದಿಂದ ಅದನ್ನೇ ಹೇಳುತ್ತಿದ್ದೆ.

ಕೋಟಿನ ಕಥೆ ಮೊದಲು ಹೇಳಿಬಿಡುತ್ತೇನೆ. ಅಕ್ಕ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯಾದ ದಿನ ಒಳ್ಳೆಯ ಉಣ್ಣೆ ಬಟ್ಟೆ ತಂದು ನನ್ನ ಮೇಜಿನ ಮೇಲಿಟ್ಟು, ಆಳವಾದ ಜೇಬಿರುವ ಒಂದು ಕೋಟು ಹೊಲಿದುಕೊಡು ಎಂದಿದ್ದಳು. ಬಟ್ಟೆ ಕತ್ತರಿಸಿದ್ದೂ ಆಗಿತ್ತು. ಅಷ್ಟರಲ್ಲಿ ಯಾರದೋ ಮದುವೆ, ಯಾವುದೋ ಶಾಲೆಯ ಯೂನಿಫಾರಂ, ಯಾರದೋ ಅರ್ಜೆಂಟು. ದುಡ್ಡು ಕೊಡುವ ಗಿರಾಕಿ ಬಾಗಿಲಲ್ಲಿ ಬಂದು ನಿಂತರೆ ಮನೆಯವರ ಬಟ್ಟೆ ಕಪಾಟಿನ ಮೇಲಿನ ಅರೆಗೆ ಹೋಗುತ್ತದೆ. ಬೇಕಾದರೆ ಯಾವ ಟೈಲರ್ ಮನೆಯವರನ್ನಾದರೂ ಕೇಳಿ ನೋಡಿ.

ನನ್ನ ಅಂಗಡಿ ಇರುವುದು ನಗರಸಭೆಯ ಹಳೇ ಮಾರುಕಟ್ಟೆ ಕಟ್ಟಡದಲ್ಲಿ, ಮೆಟ್ಟಿಲ ಕೆಳಗೆ, ಒಂಬತ್ತನೇ ನಂಬರು. ಎಂಟಡಿ ಅಗಲ, ಹತ್ತಡಿ ಉದ್ದ. ಕತ್ತರಿಸುವ ಮೇಜು ಹಾಕಿದ ಮೇಲೆ ಉಳಿದ ಜಾಗದಲ್ಲಿ ನಾನು ಅಡ್ಡಡ್ಡ ನಡೆಯಬೇಕು. ಆದರೆ ಹೊಲಿಗೆ ಮೆಷಿನ್ನಿನ ಎಡಕ್ಕೆ ಒಂದು ಕಿಟಕಿ ಇದೆ. ಆ ಕಿಟಕಿಯ ಬೆಳಕಿನಲ್ಲಿ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಿದರೂ ಕಾಣಿಸುತ್ತದೆ. ಇಪ್ಪತ್ತೆರಡು ವರ್ಷ ಅದೇ ಜಾಗದಲ್ಲಿ ಕಾಲು ಇಟ್ಟು ಇಟ್ಟು ಸಿಮೆಂಟಿನ ನೆಲ ತಗ್ಗಾಗಿದೆ. ಮೊದಲ ಮೆಷಿನ್ನಿಗೆ ದುಡ್ಡು ಕೊಟ್ಟವಳು ಅಕ್ಕನೇ. ನಿನಗೆ ವಾಪಸ್ಸು ಏನು ಕೊಡಲಿ ಅಂತ ಆಗ ಕೇಳಿದ್ದಕ್ಕೆ, ಏನೂ ಬೇಡ ಹೋಗೇ ಎಂದಿದ್ದಳು.

ಆ ಕಟ್ಟಡದಲ್ಲಿ ನಾವು ಹದಿನಾಲ್ಕು ಅಂಗಡಿಯವರು. ನಮ್ಮ ಕರಾರು ಮುಂದಿನ ವರ್ಷಕ್ಕೆ ಮುಗಿಯುವುದರಲ್ಲಿತ್ತು. ಊರಿನ ದೊಡ್ಡ ಬಿಲ್ಡರ್ ಆ ಜಾಗದ ಮೇಲೆ ಕಣ್ಣಿಟ್ಟಿದ್ದ. ಹಳೇ ಕಟ್ಟಡ ಕೆಡವಿ, ನಾಲ್ಕು ಮಹಡಿಯ ಗಾಜಿನ ಮಳಿಗೆ ಕಟ್ಟುತ್ತೇನೆ, ನಗರಸಭೆ ಮೂವತ್ತು ವರ್ಷ ತನಗೆ ಗುತ್ತಿಗೆ ಕೊಡಲಿ ಎಂದು ಅವನು ಓಡಾಡುತ್ತಿದ್ದ. ಗಾಜಿನ ಮಳಿಗೆಯಲ್ಲಿ ಒಂಬತ್ತನೇ ನಂಬರಿನ ಟೈಲರಮ್ಮನಿಗೆ ಜಾಗ ಎಲ್ಲಿಂದ ಬರಬೇಕು? ಅದನ್ನು ನೆನೆಸಿಕೊಂಡರೆ ನನಗೆ ಊಟ ಸೇರುತ್ತಿರಲಿಲ್ಲ.

ಅಕ್ಕ ಚುನಾವಣೆಗೆ ನಿಂತಿದ್ದು ಮಾತ್ರ ಮಾರುಕಟ್ಟೆಗಾಗಿ ಅಲ್ಲ, ಚರಂಡಿಗಾಗಿ. ನಮ್ಮ ವಾರ್ಡಿನ ಹಿಂದಿನ ಸದಸ್ಯ ತನ್ನ ತಮ್ಮನ ಮಗನಿಗೇ ಚರಂಡಿಯ ಕೆಲಸ ಕೊಡಿಸಿದ್ದ. ಆ ಪುಣ್ಯಾತ್ಮ ಕಟ್ಟಿದ ಚರಂಡಿಯಲ್ಲಿ ನೀರು ಮುಂದೆ ಹೋಗಬೇಕಾದರೆ ಮೇಲಕ್ಕೆ ಹತ್ತಬೇಕಿತ್ತು. ನೀರಿಗೆ ಅಷ್ಟು ಬುದ್ಧಿ ಇರಲಿಲ್ಲ, ಅದು ಅಕ್ಕನ ಮನೆ ಬಾಗಿಲಲ್ಲೇ ನಿಂತಿತು. ಅಕ್ಕ ಎರಡು ವರ್ಷ ಅರ್ಜಿ ಕೊಟ್ಟಳು, ಮೂರನೇ ವರ್ಷ ನಾಮಪತ್ರ ಕೊಟ್ಟಳು.

ಊರಿನಲ್ಲಿ ಅವಳಿಗೆ ಚಿಲ್ಲರೆ ಅಕ್ಕ ಎಂದೇ ಹೆಸರು. ಬಸ್ಸಿನಲ್ಲಿ ದೊಡ್ಡ ನೋಟು ಕೊಟ್ಟವರಿಗೆ ಚಿಲ್ಲರೆ ಇಲ್ಲದಿದ್ದರೆ ಕಂಡಕ್ಟರುಗಳು ಟಿಕೆಟ್ಟಿನ ಹಿಂದೆ ಬಾಕಿ ಎಷ್ಟು ಅಂತ ಗೀಚಿ ಕೊಡುತ್ತಾರಲ್ಲ, ಇಳಿಯುವಾಗ ನಾವು ಮರೆತರೆ ಅವರೂ ಮರೆಯುತ್ತಾರೆ. ಅಕ್ಕ ಮರೆತವಳಲ್ಲ. ಒಮ್ಮೆ ಬಾಕಿ ಮರೆತು ಇಳಿದುಹೋದ ಮುದುಕರೊಬ್ಬರ ಹಿಂದೆ, ಬಸ್ಸು ನಿಲ್ಲಿಸಿ, ಮೂರು ಬೀದಿ ಓಡಿ ಎರಡು ಬಿಡಿಗಾಸು ಕೈಗಿಟ್ಟು ಬಂದಿದ್ದಳು. ಬಸ್ಸಿನಲ್ಲಿದ್ದ ಐವತ್ತು ಜನ ಅವಳಿಗೆ ಹಿಡಿಶಾಪ ಹಾಕಿದ್ದರು. ಆ ಬಸ್ಸಿನ ಡ್ರೈವರ್ ನಮ್ಮ ಭಾವ, ಅಂದರೆ ಅವಳ ಗಂಡ. ಭಾವ ಎಂಜಿನ್ ಆರಿಸಿ ಕಾದಿದ್ದರಂತೆ. ಈಗಲೂ ಅಷ್ಟೆ, ಅಕ್ಕ ಹಿಂದಿನಿಂದ ರೈಟ್ ಅನ್ನದೆ ಅವರು ಮನೆಯ ಸ್ಕೂಟರನ್ನೂ ಮುಂದಕ್ಕೆ ಬಿಡುವುದಿಲ್ಲ.

ಚುನಾವಣೆ ಎಂದರೆ ಖರ್ಚು. ಜನ ಕೊಡುತ್ತೇವೆ ಎಂದು ಬಂದರು. ಅಕ್ಕ ಏನು ಮಾಡಿದಳು ಗೊತ್ತೇ, ಪ್ರೆಸ್ಸಿಗೆ ಹೋಗಿ ಬಸ್ ಟಿಕೆಟ್ಟಿನ ಅಳತೆಯಲ್ಲೇ ರಸೀದಿ ಪುಸ್ತಕ ಅಚ್ಚು ಹಾಕಿಸಿಕೊಂಡು ಬಂದಳು. ಬೇರೆ ಅಳತೆಯ ಕಾಗದ ಅವಳ ಬೆರಳಿಗೆ ಒಗ್ಗುವುದಿಲ್ಲವಂತೆ. ಯಾರು ದುಡ್ಡು ಕೊಟ್ಟರೂ ಮುಂದುಗಡೆ ಎಷ್ಟು ಎಂದು ಬರೆಯುವಳು. ಆಮೇಲೆ ಟಿಕೆಟ್ಟು ತಿರುಗಿಸಿ, ಕನ್ನಡಕದ ಮೇಲಿನಿಂದ ನೋಡಿ, ಹಿಂದೆ ಏನು ಬರೀಲಿ ಎಂದು ಕೇಳುವಳು. ಎಂದರೆ, ಈ ದುಡ್ಡಿಗೆ ನಾನು ನಿಮಗೆ ಬಾಕಿ ಏನು ಕೊಡಬೇಕು ಅಂತ. ಬೇಕಾದದ್ದು ಇದ್ದರೆ ಅದನ್ನು ಬರೆಯುವಳು, ಏನೂ ಇಲ್ಲವೆಂದರೆ ಅಡ್ಡ ಗೆರೆ ಎಳೆಯುವಳು. ಹಿಂದೆ ಏನಾದರೂ ಬರೆದಿದ್ದರೆ, ಆ ವಿಷಯ ಸಭೆಗೆ ಬಂದಾಗ ಎದ್ದು ಹೊರಗೆ ಹೋಗುತ್ತೇನೆ, ಕೈ ಎತ್ತುವುದಿಲ್ಲ ಎಂದು ಮುಂಚೆಯೇ ಹೇಳುವಳು. ಪುಸ್ತಕದಲ್ಲೇ ಉಳಿಯುವ ಅಡಿಪ್ರತಿಗೂ ಕಾರ್ಬನ್ ಇಟ್ಟು ಎರಡೂ ಬದಿಯ ನಕಲು ಇಳಿಸಿ, ಇನ್ನೊಂದು ನಕಲನ್ನು ಸಂಜೆಗೆ ಮನೆಯ ಗೇಟಿಗೆ ಅಂಟಿಸುವಳು.

ಆ ಗೇಟು ಓದುವುದೇ ಬೀದಿಯವರಿಗೆ ಒಂದು ಹಬ್ಬವಾಯಿತು. ಬೇಕರಿಯವನು ತನ್ನ ಬೋರ್ಡು ಫುಟ್‌ಪಾತಿಗೆ ಚಾಚಿಕೊಂಡಿದೆ, ಅದನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ ಎಂದು ಪಾಪ, ನಿಜ ಹೇಳಿದ. ಬರೆದಳು. ಹಾಗಾದರೆ ನೀವು ಕೈ ಎತ್ತುವುದಿಲ್ಲವಲ್ಲ, ನನಗೇನು ಲಾಭ ಎಂದು ಅವನು ಲೆಕ್ಕ ಹಾಕಿ ಅರ್ಧ ದುಡ್ಡು ವಾಪಸ್ಸು ಇಸಿದುಕೊಂಡ. ಉಳಿದರ್ಧ ಅಭಿಮಾನಕ್ಕೆ ಇರಲಿ ಎಂದ. ನಿವೃತ್ತ ಹೆಡ್‌ಮಾಸ್ತರರು ನೂರು ಕೊಟ್ಟು, ನೀನು ಗೆದ್ದು ಆ ಕತ್ತೆಗಳಿಗೆ ಎದ್ದುನಿಂತು ಮಾತಾಡುವುದು ಕಲಿಸು ಎಂದರು. ನಗರಸಭೆಯ ಹನ್ನೊಂದು ಸದಸ್ಯರಲ್ಲಿ ಏಳು ಜನ ಅವರ ಶಿಷ್ಯರೇ. ಅವರ ಟಿಕೆಟ್ಟಿನ ಹಿಂದೆ ಅಕ್ಕ ಅದನ್ನೂ ಬರೆದಳು.

ನಾನು ಐದು ಸಾವಿರ ಕೊಟ್ಟೆ. ಒಬ್ಬರಿಂದ ಐದು ಸಾವಿರಕ್ಕಿಂತ ಹೆಚ್ಚು ತೆಗೆದುಕೊಳ್ಳುವುದಿಲ್ಲ, ಒಬ್ಬರಿಗೆ ಒಂದೇ ಸೀಟು ಎಂದು ಅವಳ ಕಾನೂನು. ನಲವತ್ತೊಂದನೇ ನಂಬರಿನ ಟಿಕೆಟ್ಟು ಹರಿದು, ತಿರುಗಿಸಿ, ನನ್ನನ್ನೂ ಕನ್ನಡಕದ ಮೇಲಿನಿಂದ ನೋಡಿದಳು.

“ಹಿಂದೆ ಏನೇ ಬರೀಲಿ?”

ನನಗೆ ಮೈಯೆಲ್ಲ ಉರಿದುಹೋಯಿತು. ಒಡಹುಟ್ಟಿದವಳನ್ನು ಯಾರಾದರೂ ಹೀಗೆ ಕೇಳುತ್ತಾರೆಯೇ? ನಾನೇನು ಬೇಕರಿಯವನೇ ಎಂದು ರೇಗಿದೆ. ಅಕ್ಕ ಪೆನ್ನಿನ ತುದಿಯನ್ನು ಟಿಕೆಟ್ಟಿನ ಮೇಲೆ ಊರಿದಳು. ಗೆರೆ ಎಳಿ, ನನಗೆ ನಿನ್ನಿಂದ ಏನೂ ಬೇಡ ಎಂದೆ. ಎಳೆದಳು.

ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿರುವಾಗಲೇ ಬಿಲ್ಡರ್ ಬಂದ. ಮುಖದ ತುಂಬಾ ನಗು, ಕೈಯಲ್ಲಿ ದಪ್ಪ ಲಕೋಟೆ. ಐವತ್ತು ಸಾವಿರ. ನಿಮ್ಮಂಥವರು ಬರಬೇಕು ಅಕ್ಕಾ, ಎಂದು ಬೆಣ್ಣೆ ಹಚ್ಚಿದ. ಅಕ್ಕ ಅದರಿಂದ ಐದು ತೆಗೆದುಕೊಂಡು, ನಲವತ್ತೈದು ಸಾವಿರ ಚಿಲ್ಲರೆ ಎಣಿಸಿ ಅವನ ಕೈಗೇ ಇಟ್ಟಳು. ಚಿಲ್ಲರೆ ಅಂತ ನಲವತ್ತೈದು ಸಾವಿರ ವಾಪಸ್ಸು ಪಡೆದವನ ಮುಖ ನೋಡಬೇಕಿತ್ತು ನೀವು. ಹಿಂದೆ ಏನು ಬರೀಲಿ ಎಂದಾಗ, ಅಯ್ಯೋ ಏನೂ ಬೇಡ, ಬರೀ ಅಭಿಮಾನ ಎಂದು ಕೈ ಮುಗಿದ. ಅಕ್ಕ ನಲವತ್ತೆರಡಕ್ಕೂ ಗೆರೆ ಎಳೆದಳು. ಅವನು ಗೇಟು ದಾಟುವ ತನಕ ತಡೆದುಕೊಂಡು ಆಮೇಲೆ ನಾನು ಅವನ ಸುಳ್ಳಿಗೆ ಹೊಟ್ಟೆ ಹಿಡಿದುಕೊಂಡು ನಕ್ಕೆ. ಎಂಥ ಹಸಿ ಸುಳ್ಳು ಹೇಳಿದ ನೋಡೇ ಅಕ್ಕಾ ಎಂದೆ. ಅಕ್ಕ ಮಾತ್ರ ನಗಲಿಲ್ಲ, ನನ್ನ ಲೋಟ ಎತ್ತಿಕೊಂಡು ಒಳಗೆ ಹೋದಳು.

ಪ್ರಚಾರಕ್ಕೆ ಭಾವ ಒಂದು ಹಳೆಯ ವ್ಯಾನು ಓಡಿಸಿದರು. ಅಕ್ಕ ಹಿಂದಿನ ಬಾಗಿಲಲ್ಲಿ ನೇತಾಡುತ್ತ ಬಂದಳು, ಸೀಟಿನಲ್ಲಿ ಕೂತು ಹೋಗುವ ಅಭ್ಯಾಸವೇ ಇಲ್ಲ ಅವಳಿಗೆ. ಬೀದಿ ಬೀದಿಯಲ್ಲಿ ಶಿಳ್ಳೆ ಹಾಕಿದರೆ ಜನ ಮನೆಯಿಂದ ಹೊರಬಂದು, ಎಲ್ಲಿಗೆ ಹೋಗುತ್ತೆ ಎಂದು ಕೇಳಿ ನಗುವರು. ನಗರಸಭೆಗೆ ಎಂದು ಅವಳು ಕೂಗುವಳು. ಅರುವತ್ತಮೂರು ಓಟಿನಿಂದ ಗೆದ್ದಳು. ನಾನು ಖುಷಿಯಲ್ಲಿ ಅತ್ತು, ಮೂಗು ಒರೆಸಿಕೊಂಡು, ಕೋಟು ಪ್ರಮಾಣವಚನಕ್ಕೆ ಖಂಡಿತ ರೆಡಿ ಎಂದು ಎಲ್ಲರ ಮುಂದೆ ಹೇಳಿದೆ. ಪ್ರಮಾಣವಚನದ ದಿನ ಅಕ್ಕ ಹಳೆಯ ಖಾಕಿ ಕೋಟು ಹಾಕಿಕೊಂಡು ಹೋದಳು. ಕಂಡಕ್ಟರ್ ಬಿಲ್ಲೆ ಚುಚ್ಚುತ್ತಿದ್ದ ಜಾಗದಲ್ಲಿ ಎರಡು ತೂತು ಹಾಗೇ ಇದ್ದವು. ನಾನು ಸಭಾಂಗಣದಲ್ಲಿ ಕಂಬದ ಮರೆಗೆ ನಿಂತಿದ್ದೆ.

ನಾಲ್ಕು ತಿಂಗಳ ಮೇಲೆ ಮಾರುಕಟ್ಟೆಯ ವಿಷಯ ಸಭೆಗೆ ಬಂತು. ನಮ್ಮ ಹದಿನಾಲ್ಕು ಅಂಗಡಿಯ ಕರಾರು ಮುಂದುವರಿಸುವುದೋ, ಬಿಲ್ಡರಿಗೆ ಕೊಡುವುದೋ. ನನ್ನ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯ ತಾತ ಒಂದು ವಾರ ಸುತ್ತಾಡಿ ತಲೆ ಎಣಿಸಿಕೊಂಡು ಬಂದರು. ಅಧ್ಯಕ್ಷರೂ ಸೇರಿ ಐದು ಜನ ಬಿಲ್ಡರ್ ಕಡೆ, ಐದು ಜನ ನಮ್ಮ ಕಡೆ, ಹನ್ನೊಂದನೆಯವಳು ಅಕ್ಕ. ಆವತ್ತಿನಿಂದ ಮಾರುಕಟ್ಟೆಯಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಾತ ನನ್ನ ಕೈಗಡಿಯಾರಕ್ಕೆ ಪುಕ್ಕಟೆ ಸೆಲ್ ಹಾಕಿಕೊಟ್ಟರು. ಬೀಗದ ಕೈ ಮಾಡುವವನು, ಎರಡು ವರ್ಷದಿಂದ ನನ್ನ ಜೊತೆ ಮಾತು ಬಿಟ್ಟವನು, ತಾನೇ ಬಂದು ನನ್ನ ಶಟರಿಗೆ ಎಣ್ಣೆ ಬಿಟ್ಟ. ನಿನ್ನ ಅಕ್ಕ ಇರುವಾಗ ನಮಗೇನು ಭಯ ಎಂದು ಎಲ್ಲರೂ ಅಂದರು. ನಾನೂ ಹೌದು ಹೌದು ಎಂದು ಮೂಗು ಎತ್ತಿಕೊಂಡು ಓಡಾಡಿದೆ.

ಸಭೆಯ ಹಿಂದಿನ ದಿನ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದಳು. ನಗರಸಭೆಯ ನಿಯಮದ ಪುಸ್ತಕ ತಿರುವಿ ಹಾಕಿದ್ದಾಳಂತೆ. ಗಂಡನ ವ್ಯವಹಾರ, ಮಕ್ಕಳ ವ್ಯವಹಾರ ಸಭೆಗೆ ಬಂದರೆ ಎದ್ದು ಹೋಗಬೇಕು ಎಂದಿದೆಯಂತೆ, ತಂಗಿಯ ಮಾತೇ ಅದರಲ್ಲಿ ಇಲ್ಲವಂತೆ. ಹಾಗಾಗಿ ನನಗೆ ಪುಸ್ತಕಕ್ಕಿಂತ ನಿನ್ನ ಟಿಕೆಟ್ಟೇ ಮುಖ್ಯ ಎಂದಳು.

“ಆವತ್ತು ಗೆರೆ ಎಳಿ ಅಂದೆಯಲ್ಲ, ಅದು ನಿಜಾನೇನೇ?”

ನಾನು ಅಂಗಿಯೊಂದಕ್ಕೆ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ಗೆರೆ ಅಂದರೆ ಗೆರೆ, ಎಷ್ಟು ಸಲ ಕೇಳುತ್ತೀ ಎಂದು ಗದರಿದೆ. ಅಕ್ಕ ಸರಿ ಎಂದು ಎದ್ದಳು. ಬಾಗಿಲಲ್ಲಿ ನಿಂತು ಕೋಟಿನ ವಿಷಯ ಕೇಳಿದಳು. ಮುಂದಿನ ವಾರ ಎಂದೆ. ಅವಳು ಹೋದ ಮೇಲೆ ನೋಡಿದರೆ, ಅಷ್ಟೂ ಕಾಜಾ ಎಡಗಡೆ ಹಾಕುವ ಬದಲು ಬಲಗಡೆಗೆ ಹಾಕಿದ್ದೆ.

ಸಭಾಂಗಣ ಮಾರನೆಯ ದಿನ ಬೆಳಿಗ್ಗೆಯೇ ತುಂಬಿತ್ತು. ಹಿಂದಿನ ಬೆಂಚುಗಳಲ್ಲಿ ನಾವು ಹದಿನಾಲ್ಕು ಅಂಗಡಿಯವರು, ನಮ್ಮ ಮುಂದೆ ಹೆಡ್‌ಮಾಸ್ತರರು, ಆ ಕೊನೆಯಲ್ಲಿ ಬಿಲ್ಡರ್. ಒಳಗೆ ಬರುವವರಿಗೆಲ್ಲ ಅಕ್ಕ, ಮುಂದೆ ಹೋಗಿ ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ ಎಂದು ಹೇಳುತ್ತಿದ್ದಳು. ಅಧ್ಯಕ್ಷರು ವಿಷಯ ಓದಿದ ಕೂಡಲೆ ಬಿಲ್ಡರ್ ಕಡೆಯ ಸದಸ್ಯರೊಬ್ಬರು ಎದ್ದರು. ಮೆಡಿಕಲ್ ಶಾಪ್ ಇಟ್ಟವರು, ಮಾತು ಬಲ್ಲವರು. ಒಂಬತ್ತನೇ ನಂಬರಿನ ಅಂಗಡಿ ಸದಸ್ಯೆಯ ಸ್ವಂತ ತಂಗಿಯದು, ಆ ತಂಗಿಯಿಂದ ಚುನಾವಣೆಗೆ ದೇಣಿಗೆಯನ್ನೂ ಪಡೆದಿದ್ದಾರೆ, ಇವರು ಹೇಗೆ ಓಟು ಹಾಕುತ್ತಾರೆ ಎಂದು ಕೇಳಿದರು. ನಮ್ಮ ಬೆಂಚಿನಲ್ಲಿ ಗುಸುಗುಸು ಎದ್ದಿತು.

ಅಕ್ಕ ಎದ್ದು ನಿಂತಳು. ಖಾಕಿ ಕೋಟಿನ ಜೇಬಿನಿಂದ ಅಡಿಪ್ರತಿಯ ಪುಸ್ತಕ ತೆಗೆದು, ಹೆಬ್ಬೆರಳಿನಿಂದ ಸರಸರ ಮಗುಚಿದಳು. ನಲವತ್ತೆರಡನೇ ಟಿಕೆಟ್ಟು ಅಲ್ಲಿ ಕೂತಿರುವ ಬಿಲ್ಡರ್ ಅವರದು, ಹಿಂದೆ ಗೆರೆ ಇದೆ, ಅವರಿಗೂ ಈ ಊರಿನಿಂದ ಏನೂ ಬೇಡವಂತೆ ಎಂದಳು. ಸಭಾಂಗಣವೆಲ್ಲ ನಕ್ಕಿತು. ಬಿಲ್ಡರೂ ಬೇರೆ ದಾರಿಯಿಲ್ಲದೆ ಹಲ್ಲು ಕಿರಿದ. ಆಮೇಲೆ ಅಕ್ಕ ಒಂದು ಹಾಳೆ ಹಿಂದಕ್ಕೆ ಮಗುಚಿದಳು.

“ನಲವತ್ತೊಂದು ನನ್ನ ತಂಗೀದು. ಇದಕ್ಕೂ ಗೆರೆ ಇದೆ. ಅವಳಿಗೆ ಕೋಪ ಜಾಸ್ತಿ, ಹೇಳಿದ ದಿನಕ್ಕೆ ಬಟ್ಟೆ ಕೊಡಲ್ಲ, ಎಲ್ಲಾ ನಿಜ. ಆದ್ರೆ ನನ್ನ ಹತ್ರ ಅವಳು ಯಾವತ್ತೂ ಸುಳ್ಳು ಹೇಳಿಲ್ಲ.”

ಜನ ಬಿಲ್ಡರನ್ನು ನೋಡಿ ನಕ್ಕ ಹಾಗೆ ನನ್ನನ್ನು ನೋಡಿ ನಗಲಿಲ್ಲ. ತಲೆ ಆಡಿಸಿದರು, ನಂಬಿದರು. ಅದನ್ನು ತಡೆದುಕೊಳ್ಳುವುದಕ್ಕೆ ಆಗಲಿಲ್ಲ ನನಗೆ. ಸುಮ್ಮನೆ ಕೂತಿದ್ದರೆ ಕಿಟಕಿ ಉಳಿಯುತ್ತಿತ್ತು, ಮೆಷಿನ್ನು ಅಲ್ಲೇ ಇರುತ್ತಿತ್ತು. ಎದ್ದರೆ ನನ್ನೊಬ್ಬಳದಲ್ಲ, ಹದಿನಾಲ್ಕು ಮನೆಯ ಅನ್ನಕ್ಕೆ ಕಲ್ಲು. ಇದೆಲ್ಲ ಗೊತ್ತಿದ್ದೂ ಎದ್ದೆ. ಕುತ್ತಿಗೆಯಲ್ಲಿ ಅಳತೆಯ ಟೇಪು ಹಾಗೇ ಇತ್ತು, ಅದರ ತುದಿ ಹಿಡಿದುಕೊಂಡೇ ಮಾತಾಡಿದೆ.

“ಅಕ್ಕಾ, ನನ್ನ ಗೆರೆನೂ ಅವರ ಗೆರೆನೂ ಒಂದೇ. ನಂಗೆ ಅಂಗಡಿ ಬೇಕಿತ್ತು. ದುಡ್ಡು ಕೊಡೋವಾಗ್ಲೂ ಅದೇ ಮನಸ್ಸಲ್ಲಿತ್ತು. ಹಿಂದೆ ಅಂಗಡಿ ಅಂತ ಬರಿ.”

ಪಕ್ಕದಲ್ಲಿದ್ದ ಗಡಿಯಾರದ ತಾತ ಕಣ್ಣು ಮುಚ್ಚಿಕೊಂಡರು. ಬೀಗದ ಕೈಯವನು ನನ್ನನ್ನು ನುಂಗುವ ಹಾಗೆ ನೋಡಿದ. ಅಕ್ಕ ಕಿವಿಯ ಹಿಂದಿನ ಪೆನ್ನು ತೆಗೆದು, ನಿಧಾನವಾಗಿ ಬರೆದಳು. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, ಒಂದು ಗೆರೆ ಸುಳ್ಳಾದ ಮೇಲೆ ಇನ್ನೊಂದನ್ನೂ ನಾನು ನಂಬುವಂತಿಲ್ಲ, ಎರಡೂ ಕಡೆಯವರ ದುಡ್ಡು ನನ್ನ ಹತ್ತಿರ ಬಂದಿದೆ, ನಾನು ಹೊರಗೆ ಕೂರುತ್ತೇನೆ ಎಂದಳು. ಹೋಗುವಾಗ ಬಾಗಿಲನ್ನು ತಾನೇ ಎಳೆದುಕೊಂಡು ಹೋದಳು.

ಐದಕ್ಕೆ ಐದು. ಸಮಸಮ ಆದರೆ ಅಧ್ಯಕ್ಷರ ಮಾತೇ ಕೊನೆ, ಅಧ್ಯಕ್ಷರು ಬಿಲ್ಡರ್ ಕಡೆ. ನಮ್ಮ ಕಥೆ ಮುಗಿಯಿತು ಎಂದುಕೊಂಡೆ. ಮೆಡಿಕಲ್ ಶಾಪಿನವರು ಗೆದ್ದ ಖುಷಿಯಲ್ಲಿ, ಹಾಗಾದರೆ ಓಟಿಗೆ ಹಾಕೋಣ ಎಂದು ಎದ್ದು ನಿಂತರು.

ಆಗ ಹೆಡ್‌ಮಾಸ್ತರರು ಕೂತಲ್ಲಿಂದಲೇ ಕೇಳಿದರು. ದನಿ ಎತ್ತಲಿಲ್ಲ, ಶಾಲೆಯಲ್ಲಿ ಹೋಂವರ್ಕು ಕೇಳುವ ದನಿ ಅಷ್ಟೆ.

“ನಿಂದು ಹಿಂದೆ ಏನು ಬರೆದಿದೆಯಪ್ಪಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಮೆಡಿಕಲ್ ಶಾಪಿನವರ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ನನ್ನದು ಟಿಕೆಟ್ಟು ಗಿಕೆಟ್ಟು ಏನಿಲ್ಲ ಸಾರ್ ಎಂದರು. ಟಿಕೆಟ್ಟು ಇಲ್ಲದೆ ಹತ್ತಿದ್ದೀಯಾ ಹಾಗಾದರೆ, ಎಂದು ಮಾಸ್ತರರು ಕೇಳಿದರು. ಸಭಾಂಗಣದಲ್ಲಿ ಅಲ್ಲಲ್ಲಿ ಕಿಸಕ್ಕೆಂದರು. ಮಾಸ್ತರರು ಮಾತ್ರ ನಗದೆ ನೋಡುತ್ತಲೇ ಇದ್ದರು. ಆ ಮನುಷ್ಯ ನಿಂತ ಕಾಲಲ್ಲೇ ಎರಡು ನಿಮಿಷ ಬೆವರಿ, ಕೊನೆಗೆ, ಹೊಸ ಮಳಿಗೆಯ ನೆಲಮಹಡಿಯಲ್ಲಿ ತನಗೆ ಒಂದು ಅಂಗಡಿ ಎಂದು ಮಾತಾಗಿದೆ ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಮೇಲೆ ಅವರ ಮುಖವೇ ಒಂದು ಥರ ಹಗುರಾಯಿತು. ಫೈಲು ಮಡಚಿ ಹೊರಗೆ ಹೋದರು.

ಮುಂದಿನವರ ಕಡೆ ಮಾಸ್ತರರು ಬರೀ ನೋಡಿದರು, ಕೇಳಲೂ ಇಲ್ಲ. ಅವರು ಬಿಲ್ಡರನ ಬೀಗರು. ಮಗಳನ್ನು ಕೊಟ್ಟ ಮನೆ ಸಾರ್ ಎಂದು ಹೇಳಿ ಎದ್ದರು. ಅವರ ಹಿಂದೆ ಸಿಮೆಂಟು ಅಂಗಡಿಯವರು, ಯಾರೂ ಏನೂ ಕೇಳುವ ಮುಂಚೆಯೇ, ಕೆಮ್ಮುತ್ತ ಹೋದರು. ನಮಗೆ ಸಂತೋಷವಾಗಿ ಕುಲುಕುಲು ಎನ್ನುತ್ತಿರುವಾಗ ನಮ್ಮ ಕಡೆಯ ಒಬ್ಬ ಸದಸ್ಯನೂ ಎದ್ದುನಿಂತ. ಬೀಗದ ಕೈಯವನು ತನ್ನ ಸ್ವಂತ ಭಾವಮೈದ ಎಂದ. ಬೀಗದ ಕೈಯವನು ಕೂತ್ಕೊಳೋ ಕೂತ್ಕೊಳೋ ಎಂದು ಕೈಸನ್ನೆ ಮಾಡುತ್ತಿದ್ದರೂ ಅವನು ಹೋಗಿಯೇ ಬಿಟ್ಟ. ಎಲ್ಲರೂ ನಿಜ ಹೇಳುವುದಕ್ಕೆ ನಿಂತರೆ ಹೀಗೇ ಆಗುವುದು.

ಒಳಗೆ ಆರು ಜನ ಉಳಿದರು. ಇಷ್ಟು ಜನರಲ್ಲಿ ಸಭೆ ನಡೆಯುತ್ತದೆಯೇ ಎಂದು ಅಧ್ಯಕ್ಷರು ಆಸೆಯಿಂದ ಕೇಳಿದರು. ಗುಮಾಸ್ತ ಪುಸ್ತಕ ತೆಗೆದು, ಬೆರಳಿಗೆ ಎಂಜಲು ಹಚ್ಚಿ, ಪುಟ ಹುಡುಕಿ, ಆರು ಜನ ಇದ್ದರೆ ಸಾಕು ಸಾರ್ ಎಂದ. ಕೈ ಎತ್ತಿಸಿದರು. ಮಾರುಕಟ್ಟೆಗೆ ನಾಲ್ಕು, ಬಿಲ್ಡರಿಗೆ ಎರಡು. ಕರಾರು ಇನ್ನು ಹತ್ತು ವರ್ಷ, ಬಾಡಿಗೆ ಸ್ವಲ್ಪ ಜಾಸ್ತಿ. ಬಾಡಿಗೆ ಜಾಸ್ತಿ ಎಂದು ಕೇಳಿದ ಕೂಡಲೆ ನನಗೆ ಕೋಪ ಬಂತು, ಆಮೇಲೆ ನೆನಪಾಗಿ ನಗು ಬಂತು. ತಾತ ನನ್ನ ಕೈ ಹಿಡಿದುಕೊಂಡು ಅಳುತ್ತಿದ್ದರು. ಬೀಗದ ಕೈಯವನು ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯಿತು.

ನಾನು ಜನರನ್ನು ತಳ್ಳಿಕೊಂಡು ಹೊರಗೆ ಓಡಿದೆ. ಪಡಸಾಲೆಯಲ್ಲಿ ಇದ್ದದ್ದು ಒಂದೇ ಬೆಂಚು. ಅದರ ಮೇಲೆ ಅಕ್ಕ ನಾಲ್ಕು ಜನರನ್ನು ಸರಿಸಿ ಸರಿಸಿ ಕೂರಿಸಿ ತಾನೂ ಕೂತಿದ್ದಳು. ಮೆಡಿಕಲ್ ಶಾಪಿನವರು ಕೊನೆಯಲ್ಲಿ ಅರ್ಧ ಕೂತು ಅರ್ಧ ನಿಂತಿದ್ದರು. ಸ್ವಲ್ಪ ಒಳಗೆ ಸರೀರಿ, ಇನ್ನೊಬ್ಬರು ಬರಬಹುದು ಎಂದು ಅವಳು ಬೀಗರಿಗೆ ಹೇಳುತ್ತಿದ್ದಳು. ನಾಲ್ಕಕ್ಕೆ ಎರಡು ಎಂದು ಬೆರಳು ತೋರಿಸಿದೆ. ಅಕ್ಕ ಎದ್ದು ಬಂದು ನನ್ನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋದಳು.

ನಿನಗೆ ಗೊತ್ತಿತ್ತೇನೇ ನಾನು ಸುಳ್ಳು ಹೇಳಿದ್ದು ಎಂದು ಕೇಳಿದೆ. ಮೂವತ್ತೊಂದು ವರ್ಷ ಮುಖ ನೋಡಿದ್ದೇನೆ, ಟಿಕೆಟ್ಟು ಇಲ್ಲದವರು ಹತ್ತುವಾಗಲೇ ಗೊತ್ತಾಗುತ್ತಾರೆ ಎಂದಳು. ಹಾಗಿದ್ದರೆ ಅಷ್ಟು ಜನರ ಮುಂದೆ ಸುಳ್ಳು ಹೇಳದವಳು ಅಂತ ಯಾಕೆ ಹೊಗಳಿದೆ, ನನ್ನ ಮಾನ ತೆಗೆಯುವುದಕ್ಕಾ ಎಂದು ರೇಗಿದೆ.

“ಸ್ಟಾಪ್ ಬಂತು ಅಂತ ಕೂಗಿದೆ ಅಷ್ಟೆ ಕಣೇ. ನೀನು ಇಳೀದಿದ್ರೂ ನಾನು ಎದ್ದು ಹೊರಗೆ ಬರ್ತಿದ್ದೆ. ಆದ್ರೆ ನೀನೇ ಎದ್ದು ನಿಂತ್ಯಲ್ಲ, ನಂಗೆ ಎಷ್ಟು ಖುಷಿ ಆಯ್ತು ಗೊತ್ತಾ?”

ಅಷ್ಟು ಹೇಳಿ, ಸುಳ್ಳು ಗೆರೆಯ ಟಿಕೆಟ್ಟು ರದ್ದು ಎಂದು ಐದು ಸಾವಿರ ಎಣಿಸಿ ನನ್ನ ಕೈಗಿಟ್ಟಳು. ಪಿಂಚಣಿಯ ದುಡ್ಡು, ಬೆಳಿಗ್ಗೆಯೇ ತಂದಿಟ್ಟುಕೊಂಡಿದ್ದಳು. ಬಿಲ್ಡರಿಗೆಂದು ಇನ್ನೊಂದು ಐದು ಸಾವಿರ ಬೇರೆ ಲಕೋಟೆಯಲ್ಲಿತ್ತು. ನಾನು ಬೇಡ ಎನ್ನಲಿಲ್ಲ. ಈ ಹೆಂಗಸಿನ ಹತ್ತಿರ ಇನ್ನು ಮೇಲೆ ಬೇಡ ಎಂಬ ಮಾತನ್ನು ಯೋಚನೆ ಮಾಡಿ ಆಡಬೇಕು ಎಂದು ಆಗಲೇ ತೀರ್ಮಾನ ಮಾಡಿದ್ದೆ. ಆದರೆ ಸುಮ್ಮನಿರುವುದೂ ನನ್ನ ಜಾಯಮಾನ ಅಲ್ಲ. ನನ್ನ ಗೆರೆ ಸುಳ್ಳು ಅಂತೀಯಲ್ಲ, ಮೆಷಿನ್ನಿಗೆ ದುಡ್ಡು ಕೊಟ್ಟಾಗ ನೀನೂ ಏನೂ ಬೇಡ ಅಂದಿದ್ದೆ, ಅದು ನಿಜವಾ ಎಂದು ಕೇಳಿದೆ.

ಅಕ್ಕ ಕನ್ನಡಕ ತೆಗೆದು ಖಾಕಿ ಕೋಟಿನ ತುದಿಯಲ್ಲಿ ಒರೆಸಿದಳು. ನಾನು ಹುಟ್ಟಿದ ಮೇಲೆ ಮೊದಲ ಸಲ ಅವಳು ನಾಚಿಕೊಂಡಿದ್ದು ನೋಡಿದೆ.

“ಅದೂ ಸುಳ್ಳೇ. ತಂಗಿ ಟೈಲರ್ ಆದ್ರೆ ನಂಗೊಂದು ಒಳ್ಳೇ ಕೋಟು ಹೊಲ್ಕೊಡ್ತಾಳೆ ಅಂತ ಆಸೆ ಇತ್ತು.”

ಇಪ್ಪತ್ತೆರಡು ವರ್ಷ. ನಾನು ಅಲ್ಲೇ ಅವಳನ್ನು ತಬ್ಬಿಕೊಂಡು ಜೋರಾಗಿ ಅತ್ತೆ, ಬೆಂಚಿನ ಮೇಲಿದ್ದ ನಾಲ್ಕು ಜನ ಸದಸ್ಯರು ನೋಡುತ್ತಿದ್ದರೂ ಅತ್ತೆ.

ಮಾರನೆಯ ದಿನ ಅಂಗಡಿಯ ಶಟರನ್ನು ಅರ್ಧ ಇಳಿಸಿ, ಅರ್ಜೆಂಟು ಎಂದು ಬಂದ ಗಿರಾಕಿಗಳನ್ನೆಲ್ಲ ಬೈದು ಕಳಿಸಿ, ಮೇಲಿನ ಅರೆಯಿಂದ ಉಣ್ಣೆ ಬಟ್ಟೆ ಇಳಿಸಿದೆ. ಮಡಿಕೆಯಲ್ಲಿ ಮೂರು ವರ್ಷದ ಧೂಳು. ಕಿಟಕಿಯ ಬೆಳಕಿನಲ್ಲಿ ಕೂತು ಕಾಲರಿಗೆ ಎರಡು ಸಲ ಹೊಲಿಗೆ ಹಾಕಿದೆ, ಕಾಜಾಗಳನ್ನು ಸರಿಯಾದ ಕಡೆಗೇ ಹಾಕಿದೆ, ಜೇಬುಗಳನ್ನು ಮೊಣಕೈ ಮುಳುಗುವಷ್ಟು ಆಳ ಇಟ್ಟೆ. ಮೂರನೆಯ ದಿನ ಮಧ್ಯಾಹ್ನ ಅಕ್ಕ ಬಂದಳು. ಹಾಕಿಕೊಂಡಳು, ಕನ್ನಡಿಯನ್ನು ನೋಡಲೇ ಇಲ್ಲ. ಎರಡೂ ಕೈ ಜೇಬಿಗೆ ಇಳಿಸಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ನಿಂತಳು. ಹೊರಗೆ ಸ್ಕೂಟರಿನ ಮೇಲೆ ಭಾವ ರೈಟ್‌ಗಾಗಿ ಕಾಯುತ್ತಿದ್ದರು.

ಆಮೇಲೆ ಪರ್ಸು ತೆಗೆದು, ಹೊಲಿಗೆ ಎಷ್ಟಾಯಿತೇ ಎಂದು ಕೇಳಿದಳು. ಏನೂ ಬೇಡ ಎನ್ನಲು ಬಾಯಿ ತೆರೆದೆ. ಅವಳು ಕನ್ನಡಕದ ಮೇಲಿನಿಂದ ನೋಡಿದಳು.

ಪೂರಾ ದರ ಹೇಳಿದೆ. ಅವಳು ದೊಡ್ಡ ನೋಟು ಕೊಟ್ಟಳು, ನನ್ನ ಗಲ್ಲಾದಲ್ಲಿ ಚಿಲ್ಲರೆ ಇರಲಿಲ್ಲ. ಕೋಟಿನ ರಸೀದಿ ತಿರುಗಿಸಿ ಹಿಂದೆ ಬಾಕಿ ಬರೆದುಕೊಟ್ಟೆ. ಅಕ್ಕ ಅದನ್ನು ಹೊಸ ಜೇಬಿನ ತಳಕ್ಕೆ ಇಳಿಸಿ, ಸ್ಕೂಟರ್ ಹತ್ತಿ, ಶಿಳ್ಳೆ ಹಾಕಿ ಹೊರಟಳು. ನಾನು ಗಡಿಯಾರದ ತಾತನ ಹತ್ತಿರ ಚಿಲ್ಲರೆ ಇಸಿದುಕೊಂಡು, ಟೇಪು ಕುತ್ತಿಗೆಯಲ್ಲೇ ಇರುವ ಹಾಗೆ, ಆ ಸ್ಕೂಟರಿನ ಹಿಂದೆ ಮೂರು ಬೀದಿ ಓಡಿದೆ.